ಸಂಘದ ಮೂಲ ನಮೂನೆಗಳು ಕೆಡದಂತೆ ಕಾಯುವ ಬಗೆ



ಈ ಪತ್ರಿಕೆಯಲ್ಲಿ ಕೊಳೆರೋಗ, ಗೊಬ್ಬರ, ಕಾಫಿ ಗಿಡ ಸವರುವುದು, ಚಾಲಿಯ ಧಾರಣೆ ಇವುಗಳ ಬಗ್ಗೆ ಓದುವುದು ತಮಗೆ ರೂಢಿ. ಈ ಸಲ ಕಚೇರಿಯ ಕಾಗದಪತ್ರಗಳ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. 'ಅದು ಗುಮಾಸ್ತರ ಪಾಡು, ನಮಗೇಕೆ' ಎಂದು ದಯವಿಟ್ಟು ಪುಟ ಮಗುಚಬೇಡಿ. ಕಾಗದದಲ್ಲಿ ಆಗುವ ತಪ್ಪು ತೋಟದವರೆಗೂ ಬರುತ್ತದೆ. ಹೇಗೆಂಬುದನ್ನು ಮೊದಲು ಹೇಳುತ್ತೇನೆ.

ಮಳೆಗಾಲಕ್ಕೆ ಮುಂಚೆ ಒಂದು ಸಂಘದಿಂದ ಸದಸ್ಯರಿಗೆಲ್ಲ ಔಷಧಿ ಹೊಡೆಯುವ ಬಗ್ಗೆ ತಿಳಿವಳಿಕೆ ಪತ್ರ ಹೋಗುತ್ತದೆಂದು ಇಟ್ಟುಕೊಳ್ಳಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಅದರಲ್ಲಿದೆ. ಒಬ್ಬ ಸದಸ್ಯರು ಬಂದು, 'ನಮ್ಮಲ್ಲಿರುವುದು 200 ಲೀಟರಿನ ಡ್ರಮ್ಮು, ಅದರ ಲೆಕ್ಕದಲ್ಲಿ ಬರೆದು ಕೊಡಿ' ಎನ್ನುತ್ತಾರೆ. ಗುಮಾಸ್ತೆ ಆ ಪತ್ರವನ್ನೇ ತೆರೆದು 2 ಕಿಲೋ, 2 ಕಿಲೋ, 200 ಲೀಟರ್ ಎಂದು ತಿದ್ದಿ ಅಚ್ಚು ತೆಗೆದು ಕೊಡುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಮುಚ್ಚುವಾಗ ಕಂಪ್ಯೂಟರು 'ಸೇವ್ ಮಾಡಲೇ' ಎಂದು ಕೇಳುತ್ತದೆ, ಕೈ ಅಭ್ಯಾಸಬಲದಿಂದ ಹೌದೆನ್ನುತ್ತದೆ. ಮರುವರ್ಷ ಅದೇ ಪತ್ರವನ್ನು ಇನ್ನೊಬ್ಬರು ತೆರೆಯುತ್ತಾರೆ. 'ಮೈಲುತುತ್ತು 1 ಕಿಲೋ ಅಲ್ಲವೇ, ಇದೇಕೆ 2 ಎಂದಿದೆ' ಎಂದು ಅಷ್ಟನ್ನು ಮಾತ್ರ ತಿದ್ದುತ್ತಾರೆ. ಅಲ್ಲಿಗೆ 200 ಲೀಟರಿಗೆ 1 ಕಿಲೋ ಮೈಲುತುತ್ತು ಎಂಬ ಪತ್ರ ಮನೆ ಮನೆಗೆ ಹೋಗುತ್ತದೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಕೆಲಸ ಮಾಡಿದ್ದಾರೆ. ಆದರೂ ದ್ರಾವಣದ ಬಲ ಅರ್ಧಕ್ಕೆ ಇಳಿಯಿತು. ಶ್ರಾವಣದಲ್ಲಿ ಕಾಯಿ ಉದುರುವಾಗ ನಾವು ಮಳೆಯನ್ನು ಬಯ್ಯುತ್ತೇವೆ, ಮೈಲುತುತ್ತಿನ ಕಂಪೆನಿಯನ್ನು ಬಯ್ಯುತ್ತೇವೆ, ಮರ ಹತ್ತಿದವನನ್ನೂ ಬಯ್ಯುತ್ತೇವೆ. ಕಾಗದವನ್ನು ಸಂಶಯಿಸುವವರು ಯಾರೂ ಇಲ್ಲ.

ಹೀಗೆ ಮತ್ತೆ ಮತ್ತೆ ಬಳಸಲೆಂದು ಒಮ್ಮೆ ಸಿದ್ಧಪಡಿಸಿಟ್ಟ ಪ್ರತಿಗೆ ಕಂಪ್ಯೂಟರಿನವರು ಟೆಂಪ್ಲೇಟು ಎನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಫಾರ್ಮ್ಯಾಟು ಎಂಬ ಮಾತೇ ಹೆಚ್ಚು. ಈ ಲೇಖನದಲ್ಲಿ ಮೂಲ ನಮೂನೆ ಎನ್ನೋಣ. ಸಾಲದ ಅರ್ಜಿ, ಬೆಳೆ ದೃಢಪತ್ರ, ಮಹಾಸಭೆಯ ನೋಟೀಸು, ಠರಾವಿನ ಪ್ರತಿ, ಬೆಳೆ ವಿಮೆಗಾಗಿ ಸದಸ್ಯರ ವಿವರದ ಪಟ್ಟಿ, ಅಡಿಕೆ ಮಾರಾಟದ ಹಣ ಪಾವತಿಯ ಪಟ್ಟಿ ಇವೆಲ್ಲ ಇದರಲ್ಲಿ ಸೇರುತ್ತವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. 63,000 ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆ ಅದು. ಅಂಥ ತಂತ್ರಾಂಶದ ಒಳಗಿನ ಲೆಕ್ಕದ ನಮೂನೆಗಳನ್ನು ಗುಮಾಸ್ತರು ಬೇಕೆಂದರೂ ತಿದ್ದಲಾಗದು. ಆದರೆ ಪತ್ರ, ನೋಟೀಸು, ದೃಢಪತ್ರ, ಪಟ್ಟಿಗಳೆಲ್ಲ ಹಿಂದಿನಂತೆ ವರ್ಡ್ ಮತ್ತು ಎಕ್ಸೆಲ್‌ಗಳಲ್ಲೇ ಉಳಿಯುತ್ತವೆ. ಅಪಾಯವಿರುವುದು ಅಲ್ಲಿ.

ಅಚ್ಚು ಮೊಳೆಯ ಕಾಲದಲ್ಲಿ

ನಮ್ಮ ತಲೆಮಾರಿನವರಿಗೆ ನೆನಪಿರಬಹುದು. ಫಾರ್ಮಿನಲ್ಲಿ ಒಂದು ಸಾಲು ಬದಲಿಸಬೇಕೆಂದರೆ ಕುಂದಾಪುರದ ಪ್ರೆಸ್ಸಿಗೆ ಬಸ್ಸು ಹತ್ತಬೇಕಿತ್ತು. ಅಲ್ಲಿ ಮೊಳೆ ಜೋಡಿಸಿ ಕರಡು ತೆಗೆದು ಕೊಡುತ್ತಿದ್ದರು. ಅದನ್ನು ತಂದು ಓದಿ ಕಾರ್ಯದರ್ಶಿಯೋ ಅಧ್ಯಕ್ಷರೋ ಸಹಿ ಹಾಕಿದ ಮೇಲೆ 500 ಫಾರ್ಮು ಅಚ್ಚಾಗುತ್ತಿತ್ತು. ಕೌಂಟರಿನಲ್ಲಿ ಕುಳಿತವರು ಫಾರ್ಮಿನ ಖಾಲಿ ಜಾಗದಲ್ಲಿ ಏನು ಬರೆದರೂ ಪ್ರೆಸ್ಸಿನ ಮೊಳೆಗೆ ಅದು ತಾಗುತ್ತಿರಲಿಲ್ಲ. ಸೈಕ್ಲೋಸ್ಟೈಲಿನಲ್ಲಿಯೂ ಹಾಗೆಯೇ, ಸ್ಟೆನ್ಸಿಲ್ ಕತ್ತರಿಸುವುದು ಒಂದು ಕೆಲಸ, ಪ್ರತಿ ತೆಗೆಯುವುದು ಇನ್ನೊಂದು. ಬದಲಾವಣೆಗೆ ಖರ್ಚಿತ್ತು, ಶ್ರಮವಿತ್ತು. ಆ ಶ್ರಮವೇ ಕಾವಲಾಗಿತ್ತು.

ಕಂಪ್ಯೂಟರು ಬಂದು ಈ ಎರಡು ಕೆಲಸಗಳನ್ನು ಒಂದು ಮಾಡಿತು. ತುಂಬಿಸುವ ಕೈಯೇ ಮೂಲವನ್ನೂ ತಿದ್ದಬಲ್ಲದು, ಅದೂ ತಿದ್ದುತ್ತಿದ್ದೇನೆಂಬ ಅರಿವೇ ಇಲ್ಲದೆ. ಕಂಪ್ಯೂಟರನ್ನು ದೂರುವುದು ನನ್ನ ಉದ್ದೇಶವಲ್ಲ, ಪ್ರೆಸ್ಸಿಗೆ ಓಡುವ ಕಾಲ ಮರಳಿ ಬರಲೆಂದು ಯಾರೂ ಹರಕೆ ಹೊರುವುದಿಲ್ಲ. ಕಳೆದುಹೋದ ಆ ಕಾವಲನ್ನು ಬೇರೆ ರೀತಿಯಲ್ಲಿ ಕಟ್ಟಿಕೊಳ್ಳಬೇಕು, ಅಷ್ಟೆ.

ತೂಕದ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಪ್ಯಾರಿಸಿನ ಬಳಿ ಸೆವ್ರ್ ಎಂಬಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ ಒಂದು ತುಂಡು ಇದೆ. 1889ರಿಂದ 2019ರ ಮೇ 20ರವರೆಗೆ ಇಡೀ ಜಗತ್ತಿಗೆ 1 ಕಿಲೋ ಎಂದರೆ ಅದೇ. ಅದನ್ನಿಟ್ಟ ಕೋಣೆಗೆ ಮೂರು ಬೀಗದ ಕೈ, ಮೂರೂ ಬೇರೆ ಬೇರೆಯವರ ಹತ್ತಿರ. ನಮ್ಮ ದೇಶದ ಪಾಲಿಗೆ ಬಂದ ಪ್ರತಿಯ ಸಂಖ್ಯೆ 57, ಅದು ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಯಾರಾದರೂ ಅದನ್ನು ತಂದು ಗೋಟಡಿಕೆ ತೂಗುತ್ತಾರೆಯೇ? ಮೂಲದಿಂದ ಪ್ರತಿ, ಪ್ರತಿಯಿಂದ ಇನ್ನೊಂದು ಪ್ರತಿ, ಕೊನೆಗೆ ಅಂಗಡಿಯ ಕಲ್ಲು. ಅಂಗಡಿಯ ಕಲ್ಲು ಸವೆದರೆ ಬದಲಿಸಬಹುದು. ಆದರೆ ಕಚೇರಿಗಳಲ್ಲಿ ನಾವು ಮೂಲದ ಕಲ್ಲನ್ನೇ ತಂದು ದಿನವೂ ತಕ್ಕಡಿಗೆ ಹಾಕುತ್ತಿದ್ದೇವೆ.

ಕೆಡುವುದು ಹೇಗೆ

ಹೆಚ್ಚಿನ ಕಡೆ ಮೂಲ ನಮೂನೆ ಎಂಬ ಪ್ರತ್ಯೇಕ ವಸ್ತುವೇ ಇರುವುದಿಲ್ಲ. ಹಿಂದೆ ಯಾರಿಗೋ ಬರೆದ ಪತ್ರವನ್ನು ತೆರೆಯುವುದು, ಹೆಸರು ಬದಲಿಸುವುದು, ಅಚ್ಚು ತೆಗೆಯುವುದು. ನಮ್ಮ ಕಡೆಯ ಒಂದು ಸಂಘದಲ್ಲಿ ಹೀಗೆ ಬೆಳೆ ದೃಢಪತ್ರಗಳನ್ನು ಕೊಡುತ್ತಿದ್ದರು. ಹೆಸರು, ಮನೆ, ಗ್ರಾಮ ಮೇಲಿನ ಸಾಲಿನಲ್ಲಿದ್ದವು, ಅವು ಬದಲಾದವು. ಸರ್ವೆ ನಂಬರು ಮೂರನೆಯ ಪ್ಯಾರಾದಲ್ಲಿತ್ತು, ಅದು ಕಣ್ಣಿಗೆ ಬೀಳದೆ ಉಳಿಯಿತು. ವಯಸ್ಸಾದ ಸದಸ್ಯರೊಬ್ಬರು ಕನ್ನಡಕ ಏರಿಸಿ ಓದಿ, 'ಮಾಣಿ, ಇದ್ರಗೆ ಹೆಸ್ರ್ ನಮ್ದೇ, ಸರ್ವೆ ನಂಬ್ರ ಯಾರ್ದಾ?' ಎಂದು ಕೇಳಿದ ಮೇಲೆಯೇ ಗೊತ್ತಾದದ್ದು. ಅವರು ಓದುವ ಮನುಷ್ಯರಾದ್ದರಿಂದ ಸರಿಹೋಯಿತು. ಅವರಿಗಿಂತ ಮುಂಚೆ ಓದದೆ ಒಯ್ದವರು ಎಷ್ಟು ಮಂದಿಯೋ.

ಎರಡನೆಯ ದಾರಿ ಮೇಲೆ ಹೇಳಿದ ಮೈಲುತುತ್ತಿನದ್ದು. ಮೂಲ ಪ್ರತಿ ಇದೆ, ಎಲ್ಲರೂ ಸೇರಿ ಬಳಸುವ ಫೋಲ್ಡರಿನಲ್ಲಿಯೇ ಇದೆ, ಆದರೆ ಸಾಮಾನ್ಯ ಪತ್ರದ ರೂಪದಲ್ಲಿದೆ. ತೆರೆದವರು 'ಸೇವ್ ಆಸ್' ಎಂದು ಬೇರೆ ಹೆಸರಿನಲ್ಲಿ ಉಳಿಸಬೇಕೆಂಬುದು ನಿಯಮ. ಕೌಂಟರಿನಲ್ಲಿ ಹತ್ತು ಮಂದಿ ನಿಂತಿರುವಾಗ ನಿಯಮ ನೆನಪಿರುವುದು ಒಂಬತ್ತು ಸಲ. ಹತ್ತನೆಯ ಸಲಕ್ಕೆ ಮೂಲ ಹೋಯಿತು.

ಮೂರನೆಯದು ಸ್ವಲ್ಪ ಅಡಗಿರುವ ದಾರಿ, ಕಂಪ್ಯೂಟರು ಬಲ್ಲವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ವರ್ಡ್‌ನಲ್ಲಿ ಅಕ್ಷರದ ಗಾತ್ರ, ತಲೆಬರಹದ ರೂಪ ಇವುಗಳಿಗೆ 'ಸ್ಟೈಲ್' ಎನ್ನುತ್ತಾರೆ. ಒಂದು ಪತ್ರದಲ್ಲಿ ಸ್ಟೈಲನ್ನು ತಿದ್ದುವಾಗ ಕೆಳಗೆ ಎರಡು ಆಯ್ಕೆಗಳು ಕಾಣುತ್ತವೆ, ಈ ಪತ್ರಕ್ಕೆ ಮಾತ್ರ ಎಂದು ಒಂದು, ಈ ಟೆಂಪ್ಲೇಟಿನಿಂದ ಹುಟ್ಟುವ ಮುಂದಿನ ಎಲ್ಲ ಪತ್ರಗಳಿಗೆ ಎಂದು ಇನ್ನೊಂದು. ಎರಡನೆಯದನ್ನು ಒತ್ತಿದರೆ ಮೂಲ ನಮೂನೆಯನ್ನು ತೆರೆಯದೆಯೇ ಅದು ಬದಲಾಗುತ್ತದೆ. ಅಂಗಳದಲ್ಲಿ ನಿಂತು ಒಳಕೋಣೆಯ ಪೆಟ್ಟಿಗೆ ತೆರೆದ ಹಾಗೆ.

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಇರುವ ತೊಂದರೆ ಇನ್ನೊಂದು. ಅನೇಕ ಸಂಘಗಳ ಹಳೆಯ ನಮೂನೆಗಳು ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿವೆ. ಆ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು, ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಯಾರಾದರೂ ಇಡೀ ಪತ್ರವನ್ನು ಆರಿಸಿ ಅಕ್ಷರ ಚೆಂದ ಮಾಡಲೆಂದು ಬೇರೆ ಫಾಂಟ್ ಕೊಟ್ಟರೆ ವೇಷ ಕಳಚಿ ಅರ್ಥವಿಲ್ಲದ ಗೀಚು ಉಳಿಯುತ್ತದೆ. ಗಾಬರಿಯಾಗಿ ಅದನ್ನೇ ಸೇವ್ ಮಾಡಿದವರಿದ್ದಾರೆ. (ಪತ್ರ ನಿಜವಾಗಿ ಹಾಳಾಗಿರುವುದಿಲ್ಲ. ಮೊದಲಿನ ಫಾಂಟನ್ನು ಮತ್ತೆ ಕೊಟ್ಟರೆ ಕನ್ನಡ ಮರಳುತ್ತದೆ, ಹೆದರಬೇಕಾಗಿಲ್ಲ.) ಇಂಥ ನಮೂನೆಗಳನ್ನು ಒಬ್ಬರೇ ಕುಳಿತು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ಓದಿ ನೋಡಿ ಇಡುವುದೇ ಶಾಶ್ವತ ಪರಿಹಾರ.

ಎಕ್ಸೆಲ್ ಹಾಳೆಯದ್ದಂತೂ ಬೇರೆಯೇ ಕಥೆ. ನಮ್ಮ ಸರ್ವೆ ನಂಬರುಗಳು 12/3, 7/2 ಎಂಬ ರೂಪದವು. ಹಾಗೆ ಹೊಡೆದ ಕೂಡಲೇ ಎಕ್ಸೆಲ್ ಅದನ್ನು ತಾರೀಕೆಂದು ತಿಳಿದು ಮಾರ್ಚ್ 12 ಎಂದೋ ಡಿಸೆಂಬರ್ 3 ಎಂದೋ ಮಾಡುತ್ತದೆ. ಯಾವುದು ಎಂಬುದು ಆ ಕಂಪ್ಯೂಟರಿನ ತಾರೀಕಿನ ಕ್ರಮವನ್ನು ಅವಲಂಬಿಸಿದೆ. 16 ಅಂಕೆಯ ಖಾತೆ ಸಂಖ್ಯೆ ಹೊಡೆದರೆ ಅದು 15 ಅಂಕೆಗಳನ್ನು ಮಾತ್ರ ನೆನಪಿಟ್ಟು ಕೊನೆಯದನ್ನು ಸೊನ್ನೆ ಮಾಡುತ್ತದೆ. ಮೊದಲಲ್ಲಿ ಸೊನ್ನೆಯಿದ್ದರೆ ಅದನ್ನು ನುಂಗುತ್ತದೆ. ಇದು ನಮ್ಮ ಊರಿನ ಗುಮಾಸ್ತರ ಅಜ್ಞಾನವೆಂದು ನಗುವವರಿಗೆ ಒಂದು ಮಾತು. ಮನುಷ್ಯನ ವಂಶವಾಹಿಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ ಕೆಲವು ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಯಿತು, 2020ರಲ್ಲಿ ಅದರ ಹೊಸ ನಿಯಮಗಳು ಪ್ರಕಟವಾದವು. ಕಾರಣ, ವಿಜ್ಞಾನಿಗಳು ಮಾರ್ಚ್-1, ಸೆಪ್ಟ್-1 ಎಂಬ ಹೆಸರುಗಳನ್ನು ಹೊಡೆದಾಗಲೆಲ್ಲ ಎಕ್ಸೆಲ್ ಅವನ್ನು ತಾರೀಕು ಮಾಡುತ್ತಿತ್ತು. ಅಷ್ಟು ದೊಡ್ಡವರೇ ಸೋತು ಹೆಸರು ಬದಲಿಸಿದರು. ನಾವು ಸರ್ವೆ ನಂಬರು ಬದಲಿಸುವಂತಿಲ್ಲವಲ್ಲ. ಮೂಲ ನಮೂನೆಯಲ್ಲಿಯೇ ಆ ಕಾಲಮ್ಮುಗಳನ್ನು ಮುಂಚಿತವಾಗಿ 'ಟೆಕ್ಸ್ಟ್' ಎಂದು ಗೊತ್ತುಮಾಡಿ ಇಡಬೇಕು. ಈ ಕಾಲಮ್ಮುಗಳ ಗುಣ ಯಾರದೋ ಕೈತಪ್ಪಿನಿಂದ ಬದಲಾದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಮುಂದಿನ ಪಾವತಿ ಪಟ್ಟಿಯಲ್ಲಿ ಸದಸ್ಯರ ಹಣ ಮಾತ್ರ ದಾರಿ ತಪ್ಪುತ್ತದೆ.

ಕಾಯುವುದು ಹೇಗೆ

'ದಯವಿಟ್ಟು ಇದನ್ನು ತಿದ್ದಬೇಡಿ' ಎಂದು ಕೆಂಪಕ್ಷರದಲ್ಲಿ ಬರೆದು ಅಂಟಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ನನ್ನ ಅಭಿಪ್ರಾಯದಲ್ಲಿ ಅದರಿಂದ ಉಪಯೋಗವಿಲ್ಲ. ತೋಟಕ್ಕೆ ದನ ಬರಬಾರದೆಂದು ಬೋರ್ಡು ಹಾಕಿದ ಹಾಗೆ ಅದು. ಬೇಲಿಯೇ ಬೇಕು. ಗುಮಾಸ್ತರನ್ನು ಗದರಿಸುವುದಂತೂ ಕೆಲಸಕ್ಕೆ ಬಾರದು. ಗದರಿಸಿಕೊಂಡವರು ಮುಂದಿನ ಸಲ ತಪ್ಪನ್ನು ಹೇಳದೆ ಮುಚ್ಚಿಡುತ್ತಾರೆ, ಆಗ ನಷ್ಟ ಇಮ್ಮಡಿ.

ಮೊದಲ ಬೇಲಿ ಫೈಲಿನ ಜಾತಿಯಲ್ಲೇ ಇದೆ. ವರ್ಡ್‌ನಲ್ಲಿ ಸೇವ್ ಆಸ್ ಮಾಡುವಾಗ ಸಾಮಾನ್ಯ ಡಾಕ್ಯುಮೆಂಟ್ ಎಂಬುದರ ಬದಲು 'ವರ್ಡ್ ಟೆಂಪ್ಲೇಟ್' ಎಂದು ಆರಿಸಿದರೆ ಹೆಸರಿನ ಕೊನೆಗೆ ಡಿ-ಒ-ಟಿ-ಎಕ್ಸ್ ಎಂದು ಬರುತ್ತದೆ. ಎಕ್ಸೆಲ್‌ನಲ್ಲಿ ಎಕ್ಸ್-ಎಲ್-ಟಿ-ಎಕ್ಸ್. ಹೀಗೆ ಉಳಿಸಿದ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಮೂಲ ತೆರೆಯುವುದಿಲ್ಲ, ಅದರ ಹೊಸ ಪ್ರತಿಯೊಂದು ಹೆಸರಿಲ್ಲದೆ ತೆರೆಯುತ್ತದೆ. ಸೇವ್ ಒತ್ತಿದರೆ 'ಏನು ಹೆಸರು' ಎಂದು ಕೇಳುತ್ತದೆ. ಖರ್ಚಿಲ್ಲದ ಇಷ್ಟು ಸಣ್ಣ ಕೆಲಸದಿಂದ ಬಹುಪಾಲು ತಪ್ಪುಗಳು ನಿಲ್ಲುತ್ತವೆ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಬಳಸುವ ಸಂಘಗಳಿಗೂ ಇದೇ ಅನುಕೂಲವಿದೆ. ಎರಡು ಎಚ್ಚರಿಕೆ ಮಾತ್ರ. ಟೆಂಪ್ಲೇಟ್ ಎಂದು ಆರಿಸಿದ ಕೂಡಲೇ ವರ್ಡ್ ತಾನಾಗಿ ತನ್ನದೇ ಒಂದು ಫೋಲ್ಡರಿಗೆ ಹಾರುತ್ತದೆ, ಅಲ್ಲಿಂದ ಮರಳಿ ನಮ್ಮ ಸಾಮೂಹಿಕ ಫೋಲ್ಡರನ್ನು ತೋರಿಸಿ ಉಳಿಸಬೇಕು. ಇನ್ನೊಂದು, ವರ್ಡ್‌ನ ಒಳಗಿನಿಂದ 'ಓಪನ್' ಎಂದು ಹೋಗಿ ತೆರೆದರೆ ಅಥವಾ ಬಲಗುಂಡಿ ಒತ್ತಿ 'ಓಪನ್' ಎಂದರೆ ಮೂಲವೇ ತೆರೆದುಕೊಳ್ಳುತ್ತದೆ. ಆದ್ದರಿಂದ ಈ ಬೇಲಿಯಲ್ಲಿ ಒಂದು ಗಂಡಿ ಉಳಿದಿದೆ.

ಗಂಡಿ ಮುಚ್ಚಲು ಎರಡನೆಯ ಬೇಲಿ, ಫೋಲ್ಡರಿನ ಹಕ್ಕು. ಮೂಲ ನಮೂನೆಗಳಿಗೆಂದೇ ಒಂದು ಫೋಲ್ಡರು ಮಾಡಿ, ಅದರ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಎಂಬಲ್ಲಿ ಸಿಬ್ಬಂದಿಗೆಲ್ಲ ಓದುವ ಹಕ್ಕು ಮಾತ್ರ ಕೊಡಬೇಕು. ಬರೆಯುವ ಹಕ್ಕು ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ಆಗ ಯಾವ ದಾರಿಯಿಂದ ತೆರೆದು ಏನು ತಿದ್ದಿದರೂ ಅಲ್ಲಿಗೆ ಸೇವ್ ಆಗುವುದಿಲ್ಲ. ಮೇಲೆ ಹೇಳಿದ ಸ್ಟೈಲಿನ ಅಡಗುದಾರಿಯೂ ಇದರಿಂದ ಮುಚ್ಚುತ್ತದೆ. ಆದರೆ ಇದಕ್ಕೊಂದು ಷರತ್ತಿದೆ. ನಮ್ಮ ಎಷ್ಟೋ ಕಚೇರಿಗಳಲ್ಲಿ ಎಲ್ಲರೂ ಒಂದೇ ಹೆಸರು, ಒಂದೇ ಪಾಸ್‌ವರ್ಡಿನಿಂದ ಕಂಪ್ಯೂಟರು ತೆರೆಯುತ್ತಾರೆ. ಆ ಪಾಸ್‌ವರ್ಡು ಪರದೆಯ ಅಂಚಿಗೆ ಚೀಟಿಯಾಗಿ ಅಂಟಿಕೊಂಡಿರುವುದೂ ಉಂಟು. ಎಲ್ಲರೂ ಒಂದೇ ಹೆಸರಾದರೆ ಯಾರಿಗೆ ಹಕ್ಕು, ಯಾರಿಗಿಲ್ಲ ಎಂದು ಕಂಪ್ಯೂಟರು ಹೇಗೆ ತಿಳಿಯಬೇಕು? ಆಡಳಿತ ಮಂಡಳಿಯಲ್ಲಿರುವ ಸದಸ್ಯರು ತಮ್ಮ ಸಂಘದಲ್ಲಿ ಮೊದಲು ವಿಚಾರಿಸಬೇಕಾದ ಪ್ರಶ್ನೆ ಇದೇ, ಪ್ರತಿ ಸಿಬ್ಬಂದಿಗೆ ಬೇರೆ ಬೇರೆ ಲಾಗಿನ್ ಇದೆಯೇ?

ಫೈಲಿಗೆ 'ರೀಡ್ ಓನ್ಲಿ' ಎಂಬ ಗುರುತು ಹಾಕುವ ಪದ್ಧತಿಯೂ ಇದೆ. ಅದು ಬಾಗಿಲ ಚಿಲಕದಷ್ಟೇ, ಬೀಗವಲ್ಲ. ಯಾರು ಬೇಕಾದರೂ ತೆಗೆಯಬಹುದು. ಏನೂ ಇಲ್ಲದಿರುವುದಕ್ಕಿಂತ ಮೇಲು.

ಮೂರನೆಯ ಬೇಲಿ ಪತ್ರದ ಒಳಗಿನದು. ತುಂಬಿಸುವ ಜಾಗಗಳನ್ನು ಮಾತ್ರ ಬಿಟ್ಟು ಉಳಿದದ್ದಕ್ಕೆಲ್ಲ ಬೀಗ ಹಾಕುವುದು. ವರ್ಡ್‌ನಲ್ಲಿ 'ರಿಸ್ಟ್ರಿಕ್ಟ್ ಎಡಿಟಿಂಗ್' ಎಂಬಲ್ಲಿ ಫಾರ್ಮು ತುಂಬಲು ಮಾತ್ರ ಅನುಮತಿ ಎಂದು ಆರಿಸಬಹುದು. ಆಗ ಹೆಸರು, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ ಇವುಗಳ ಚೌಕಗಳಿಗೆ ಮಾತ್ರ ಕೈ ಹೋಗುತ್ತದೆ. ಮೂರನೆಯ ಪ್ಯಾರಾದಲ್ಲಿ ಅಡಗಿದ್ದ ಸರ್ವೆ ನಂಬರಿನಂಥ ತಪ್ಪಿಗೆ ಇದು ನೇರವಾದ ಮದ್ದು, ಏಕೆಂದರೆ ಚೌಕ ಖಾಲಿಯಾಗಿಯೇ ಬರುತ್ತದೆ, ತುಂಬದಿದ್ದರೆ ಖಾಲಿ ಎಂದು ಕಾಣುತ್ತದೆ. ಎಕ್ಸೆಲ್‌ನಲ್ಲಿ ಕ್ರಮ ಸ್ವಲ್ಪ ತಿರುವು. ಅಲ್ಲಿ ಎಲ್ಲ ಚೌಕಗಳಿಗೂ ಮೊದಲೇ ಬೀಗವಿರುತ್ತದೆ, ಆದರೆ 'ಪ್ರೊಟೆಕ್ಟ್ ಶೀಟ್' ಎನ್ನುವವರೆಗೆ ಆ ಬೀಗ ಕೆಲಸ ಮಾಡುವುದಿಲ್ಲ. ಆದ್ದರಿಂದ ಮೊದಲು ತುಂಬಿಸುವ ಚೌಕಗಳ ಬೀಗ ತೆಗೆದು, ಆಮೇಲೆ ಹಾಳೆಯನ್ನು ಪ್ರೊಟೆಕ್ಟ್ ಮಾಡಬೇಕು. ಬಡ್ಡಿಯ ಸೂತ್ರವಿರುವ ಚೌಕದ ಮೇಲೆ ಯಾರೋ ಕೈಯಿಂದ ಒಂದು ಅಂಕಿ ಹೊಡೆದು ಸೂತ್ರ ಅಳಿಸಿಬಿಡುವುದು ಇದರಿಂದ ತಪ್ಪುತ್ತದೆ. ಇಲ್ಲಿ ಕೊಡುವ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ, ಅರಗು ಒತ್ತಿ ತಿಜೋರಿಯಲ್ಲಿಡಿ. ಮರೆತರೆ ಮೈಕ್ರೋಸಾಫ್ಟ್ ಕಂಪೆನಿಯೂ ತೆಗೆದು ಕೊಡುವುದಿಲ್ಲ. ಮತ್ತೂ ಒಂದು ಮಾತು, ಈ ಬೀಗಗಳು ಕೈತಪ್ಪಿಗೆ ಮಾತ್ರ. ವಂಚಿಸಲೆಂದೇ ಹೊರಟವರನ್ನು ಇವು ತಡೆಯುತ್ತವೆಂದು ಭಾವಿಸಬಾರದು.

ಗೂಗಲ್ ಡಾಕ್ಸ್ ಬಳಸುವವರು ಹೆಚ್ಚುತ್ತಿದ್ದಾರೆ. ಅಲ್ಲಿ ಮೂಲವನ್ನು ಇತರರಿಗೆ 'ವ್ಯೂವರ್' ಎಂದೇ ಹಂಚಬೇಕು. ಕೊಂಡಿಯ ಕೊನೆಯಲ್ಲಿರುವ ಎಡಿಟ್ ಎಂಬ ಪದ ಮತ್ತು ಅದರ ಮುಂದಿರುವುದನ್ನೆಲ್ಲ ಅಳಿಸಿ ಕಾಪಿ ಎಂದು ಹಾಕಿ ಕಳುಹಿಸಿದರೆ, ತೆರೆದವರಿಗೆ 'ನಿಮ್ಮದೊಂದು ಪ್ರತಿ ಮಾಡಿಕೊಳ್ಳಿ' ಎಂಬ ಪುಟವೇ ಬರುತ್ತದೆ.

ಬೇಕೆಂದೇ ಮಾಡುವ ಬದಲಾವಣೆ

ಹಾಗೆಂದು ಮೂಲ ನಮೂನೆಯನ್ನು ಕಲ್ಲಿನ ಶಾಸನದಂತೆ ಇಡಲಾಗದು. ನಮ್ಮ ಈ ಮೂರು ತಾಲೂಕುಗಳಲ್ಲಿ ಕಾಗದದ ತಲೆಬರಹ ಎಷ್ಟು ಸಲ ಬದಲಾಗಿದೆ ನೋಡಿ. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರೆಯಾಯಿತು. 2017ರ ಬಜೆಟ್ಟಿನಲ್ಲಿ ಬೈಂದೂರು, ಬ್ರಹ್ಮಾವರ ತಾಲೂಕುಗಳ ಘೋಷಣೆಯಾಗಿ 2018ರಲ್ಲಿ ಅವು ಆರಂಭವಾದವು. ಕುಂದಾಪುರದ ಊರುಗಳು ಬೈಂದೂರಿಗೂ, ಉಡುಪಿ ತಾಲೂಕಿನ ಊರುಗಳು ಬ್ರಹ್ಮಾವರಕ್ಕೂ ಹೋದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಮತ್ತು ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳ ಹೆಸರು ಒಂದೇ ವರ್ಷದೊಳಗೆ ನಮ್ಮ ಪಾಸ್‌ಬುಕ್ಕುಗಳಿಂದ ಮರೆಯಾದದ್ದು ಹಿರಿಯರಿಗೆ ಇನ್ನೂ ನೋವಿನ ಸಂಗತಿ, ಅದಿರಲಿ. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಪಾವತಿ ಪಟ್ಟಿಯ ನಮೂನೆಯಲ್ಲಿ ಎಸ್‌ವೈಎನ್‌ಬಿ ಎಂಬ ನಾಲ್ಕು ಅಕ್ಷರ ಉಳಿದಿದ್ದರೆ ಹಣ ಹೋಗುವಂತಿರಲಿಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರಕಾರ ಬಡ್ಡಿಯಿಲ್ಲದ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಅದಕ್ಕೆ ಅರ್ಜಿಯ ನಮೂನೆಯನ್ನೂ ತಿದ್ದಬೇಕು.

ಬದಲಾವಣೆ ಬೇಡವೆನ್ನುವುದಲ್ಲ, ಅದಕ್ಕೆ ಒಂದೇ ಬಾಗಿಲಿರಬೇಕು ಎನ್ನುವುದು ನನ್ನ ವಾದ. ತಾಲೂಕು ಬದಲಾದಾಗ ಏನಾಗಬಹುದೆಂದು ಯೋಚಿಸಿ. ಒಬ್ಬೊಬ್ಬ ಗುಮಾಸ್ತರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ 'ಕುಂದಾಪುರ' ಇರುವಲ್ಲೆಲ್ಲ 'ಬೈಂದೂರು' ಹಾಕು ಎಂದು ಒಂದೇ ಆಜ್ಞೆ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಬೈಂದೂರು ತಾಲೂಕು ಇಂದಿಗೂ ಕುಂದಾಪುರ ಉಪವಿಭಾಗಕ್ಕೇ ಸೇರಿದೆ. ಆ ಆಜ್ಞೆಯಿಂದ ಅದು 'ಬೈಂದೂರು ಉಪವಿಭಾಗ' ಆಗುತ್ತದೆ. ಅಂಥದೊಂದು ಉಪವಿಭಾಗವೇ ಇಲ್ಲ. ಹೀಗೆ ವಿಳಾಸ ಬರೆದ ಅರ್ಜಿ ಎಲ್ಲಿ ಹೋಗಿ ಕುಳಿತುಕೊಳ್ಳುತ್ತದೋ!

ಒಂದೇ ಬಾಗಿಲೆಂದರೆ ಹೀಗೆ. ಪ್ರತಿ ನಮೂನೆಗೂ ಒಂದು ಸಂಖ್ಯೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ನಮೂನೆ ಇಂಥದು, ಪರಿಷ್ಕರಣೆ ಇಷ್ಟನೆಯದು, ದಿನಾಂಕ ಇಂಥದು ಎಂದು ಬರಹ. ಕಚೇರಿಯಲ್ಲಿ ಒಂದು ರಟ್ಟಿನ ನೋಟುಪುಸ್ತಕ. ಯಾವ ನಮೂನೆಯಲ್ಲಿ ಯಾವ ಸಾಲು ಬದಲಾಯಿತು, ಯಾವ ಆದೇಶದ ಮೇರೆಗೆ, ತಿದ್ದಿದವರು ಯಾರು, ಓದಿ ನೋಡಿದವರು ಯಾರು ಎಂದು ಅದರಲ್ಲಿ ಕೈಬರಹದಲ್ಲಿ ದಾಖಲೆ. ತಿದ್ದಿದವರೇ ಓದಿ ಒಪ್ಪುವುದು ಸಲ್ಲದು, ತಮ್ಮ ತಪ್ಪು ತಮಗೆ ಕಾಣುವುದಿಲ್ಲ. ಹಳೆಯ ಪರಿಷ್ಕರಣೆಯನ್ನು ಅಳಿಸದೆ ಬೇರೊಂದು ಫೋಲ್ಡರಿಗೆ ಸರಿಸಬೇಕು. ಎಲ್ಲ ನಮೂನೆಗಳ ಒಂದೊಂದು ಅಚ್ಚು ಪ್ರತಿಗೆ ಸಹಿ ಹಾಕಿ ಫೈಲಿನಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿರುವುದರ ಜೊತೆ ಹೋಲಿಸಬೇಕು. ವರ್ಡ್‌ನ 'ಕಂಪೇರ್' ಎಂಬ ಸೌಲಭ್ಯ ಎರಡು ಪ್ರತಿಗಳ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುತ್ತದೆ, ಕಣ್ಣಿಗೆ ಶ್ರಮವಿಲ್ಲ.

ನಮೂನೆ ಹಾಗೆಯೇ ಇದ್ದು ಕಾಲ ಮುಂದೆ ಹೋದರೂ ತೊಂದರೆ ಬರುತ್ತದೆ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರದೆ ಹೋದವು. ಅಲ್ಲಿ ಬಳಸುತ್ತಿದ್ದ ಎಕ್ಸೆಲ್ ನಮೂನೆ ಹಳೆಯ ಜಾತಿಯದು, ಅದರಲ್ಲಿ 65,536 ಸಾಲುಗಳಿಗೆ ಮಾತ್ರ ಜಾಗ. ಹೊಸ ಜಾತಿಯಲ್ಲಿ 10,48,576 ಸಾಲುಗಳಿವೆ. ತುಂಬಿದ ಮೇಲೆ ಬಂದ ಹೆಸರುಗಳು ಸದ್ದಿಲ್ಲದೆ ಹೊರಗುಳಿದವು. ನಮ್ಮ ಸಂಘಗಳಲ್ಲಿ ಅಷ್ಟು ಸದಸ್ಯರಿಲ್ಲ, ನಿಜ. ಆದರೆ 300 ಸಾಲಿಗೆ ಮಾತ್ರ ಮೊತ್ತದ ಸೂತ್ರ ಬರೆದಿಟ್ಟ ಪಟ್ಟಿಗೆ 301ನೆಯ ಸದಸ್ಯರು ಸೇರಿದರೆ ಅವರ ಹಣವೂ ಮೊತ್ತದ ಹೊರಗೇ.

ಸದಸ್ಯರು ಮಾಡಬೇಕಾದದ್ದು

ಕೌಂಟರಿನಿಂದ ಕಾಗದ ಕೈಗೆ ಬಂದಾಗ ಮಡಚಿ ಜೇಬಿಗೆ ಹಾಕುವ ಮೊದಲು ನಾಲ್ಕು ಜಾಗ ನೋಡಿ: ಸರ್ವೆ ನಂಬರು, ತಾಲೂಕು, ಖಾತೆ ಸಂಖ್ಯೆಯ ಕೊನೆಯ ಅಂಕೆ, ದಿನಾಂಕ. ಮಹಾಸಭೆಯ ನೋಟೀಸಿನಲ್ಲಿ ಕಳೆದ ವರ್ಷದ ತಾರೀಕೋ ಸಭಾಭವನದ ಹೆಸರೋ ಉಳಿದಿದ್ದರೆ ಕಚೇರಿಗೆ ಫೋನು ಮಾಡಿ. ಓದಲು ಬಾರದ ನೆರೆಯವರಿದ್ದರೆ ಅವರದನ್ನೂ ಓದಿ ಹೇಳಿ. ವಾಟ್ಸಾಪಿನಲ್ಲಿ ಯಾರೋ ಯಾರಿಗೋ ಕಳುಹಿಸಿದ ಫಾರ್ಮನ್ನು ಅಚ್ಚು ತೆಗೆದು ತುಂಬಬೇಡಿ. ಅದು ಯಾವ ವರ್ಷದ್ದು, ಯಾರ ಕೈಯಲ್ಲಿ ತಿದ್ದಿಸಿಕೊಂಡು ಬಂದದ್ದು ಎಂದು ತಿಳಿಯುವುದಿಲ್ಲ. ಸಂಘದವರೂ ವಾಟ್ಸಾಪಿನಲ್ಲಿ ವರ್ಡ್ ಫೈಲು ಕಳುಹಿಸದೆ ಪಿಡಿಎಫ್ ಮಾಡಿಯೇ ಕಳುಹಿಸುವುದು ಒಳ್ಳೆಯದು.

ಮನೆಯಲ್ಲಿ ಮಕ್ಕಳ ಸಹಾಯದಿಂದ ಕೂಲಿಯ ಲೆಕ್ಕ, ಕಾಳುಮೆಣಸಿನ ಮಾರಾಟದ ಲೆಕ್ಕ ಎಕ್ಸೆಲ್‌ನಲ್ಲಿ ಇಡುವವರು ಈಗ ಅನೇಕರಿದ್ದಾರೆ. ಪ್ರತಿ ತಿಂಗಳೂ ಹಿಂದಿನ ತಿಂಗಳ ಹಾಳೆಯ ಮೇಲೆಯೇ ತಿದ್ದುತ್ತಾ ಹೋದರೆ ಒಂದು ದಿನ ಕೊನೆಗಾರನ ಮುಂಗಡ ಎರಡು ಸಲ ಕಳೆದುಹೋಗುತ್ತದೆ, ಅವನಿಗೂ ನಿಮಗೂ ಮನಸ್ತಾಪ. ಖಾಲಿ ಹಾಳೆಯೊಂದನ್ನು ಟೆಂಪ್ಲೇಟಾಗಿ ಉಳಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಎಂದಾದರೂ ತಪ್ಪು ನಮೂನೆಯಿಂದ ಕಾಗದ ಹೊರಗೆ ಹೋಗಬಹುದು. ಆಗ ಪುಟದ ಕೆಳಗಿನ ಪರಿಷ್ಕರಣೆ ಸಂಖ್ಯೆಯೂ ರವಾನೆ ಪುಸ್ತಕವೂ ಕೆಲಸಕ್ಕೆ ಬರುತ್ತವೆ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಆ ಪರಿಷ್ಕರಣೆ ಬಳಕೆಯಲ್ಲಿತ್ತೆಂದು ನೋಟುಪುಸ್ತಕ ಹೇಳುತ್ತದೆ, ಆ ದಿನಗಳಲ್ಲಿ ಯಾರಿಗೆ ಹೋಯಿತೆಂದು ರವಾನೆ ಪುಸ್ತಕ ಹೇಳುತ್ತದೆ. ಅವರನ್ನೆಲ್ಲ ಹೆಸರು ಹಿಡಿದು ಕರೆಸಿ ಬದಲಿ ಪ್ರತಿ ಕೊಡಬಹುದು. ನಮ್ಮ ಸಂಘದಿಂದ ಇನ್ನು ಮುಂದೆ ಹೊರಡುವ ಎಲ್ಲ ಫಾರ್ಮುಗಳ ಕೆಳಗೆ ನಮೂನೆ ಸಂಖ್ಯೆ ಮತ್ತು ದಿನಾಂಕ ಇರುತ್ತದೆ. ಇಲ್ಲದ ಹಳೆಯ ಫಾರ್ಮುಗಳು ಮನೆಯಲ್ಲಿ ಉಳಿದಿದ್ದರೆ ಕಚೇರಿಗೆ ತಂದು ಬದಲಾಯಿಸಿಕೊಳ್ಳಬೇಕಾಗಿ ಕೋರಿಕೆ.